ಕಾಲು ಒಣಗುವ ತನಕ

ಹೋದ ತಿಂಗಳು ಮಗಳ ಶಾಲೆಯಲ್ಲಿ ಪಾದಪೂಜೆಯ ಕಾರ್ಯಕ್ರಮವಿತ್ತು. ಸಾಲಾಗಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು, ಒಬ್ಬೊಬ್ಬರ ಮುಂದೆಯೂ ಒಂದು ಸ್ಟೀಲ್ ತಟ್ಟೆ, ತಂಬಿಗೆಯಲ್ಲಿ ಅರಿಶಿನದ ನೀರು. ಯಾರೋ ಅದಕ್ಕೆ ಪಚ್ಚಕರ್ಪೂರ ಹಾಕಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ಮಗಳು ಕಕ್ಕಾಬಿಕ್ಕಿಯಾಗಿ, "ಅಮ್ಮ, ಎಲ್ರೂ ನೋಡ್ತಿದಾರೆ, ಕಾಲು ಕೊಡಮ್ಮ" ಅಂದಳು. ಕೊಡಲಿಲ್ಲ. ಅವಳ ಕೈಹಿಡಿದು ಹೊರಗೆ ಬಂದುಬಿಟ್ಟೆ. ಗೇಟಿನ ಹತ್ತಿರ ಒಬ್ಬ ಟೀಚರ್ ತಡೆದು, "ಮಕ್ಕಳಿಗೆ ಸಂಸ್ಕಾರ ಬರ್ಲಿ ಅಂತ ಮೇಡಂ" ಎಂದು ನನಗೇ ಪಾಠ ಶುರುಮಾಡಿದರು. ಸಿಟ್ಟು ನೆತ್ತಿಗೇರಿತು. ಆ ಸಂಸ್ಕಾರವನ್ನು ಜೀಪಿನಲ್ಲಿ ತುಂಬಿಕೊಂಡು ನಾಲ್ಕು ತಾಲ್ಲೂಕು ತಿರುಗಿದವಳು ನಾನು.

ಅದು ನಮ್ಮ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯೊಳಗಿದ್ದ ಕಾಲ. ಬಿ.ಎಡ್. ಮುಗಿಸಿ, ಕೆಲಸ ಸಿಗದೆ, ಮನೆಯಲ್ಲಿ ಕೂತು ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆ. ನಮ್ಮ ಬೀದಿಯ ನಂಜುಂಡಯ್ಯ ಮೇಷ್ಟ್ರು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಒಂದು ಟ್ರಸ್ಟಿನವರ ಜೀಪಿನಲ್ಲಿ ಹೈಸ್ಕೂಲು, ಕಾಲೇಜುಗಳನ್ನು ಸುತ್ತಿ ಹುಡುಗರಿಗೆ ನೀತಿ ಹೇಳುತ್ತಿದ್ದರು. ಹೆಣ್ಣುಮಕ್ಕಳ ಜತೆ ಮಾತಾಡಲು, ಪಾದಪೂಜೆಯ ಹೊತ್ತಿಗೆ ತಾಯಿಯ ಮೇಲೊಂದು ಹಾಡು ಹಾಡಲು ಅವರಿಗೊಬ್ಬಳು ಬೇಕಿತ್ತು. "ಸುಜಾತ, ನಿನ್ನ ಕಂಠ ಚೆನ್ನಾಗಿದೆ, ಬಾಮ್ಮ" ಎಂದರು. ನೀತಿ ನನ್ನಲ್ಲಿ ಎಷ್ಟಿದೆ ಅಂತ ಯಾರೂ ಕೇಳಲಿಲ್ಲ. ನಮ್ಮಪ್ಪ ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈಮುಗಿದು, "ಹೋಗ್ಬಾ, ಹೊಡೆಯದೇ ಇರೋ ಮನುಷ್ಯನ ಜತೆ ಕೆಲಸ" ಎಂದು ಕಳಿಸಿದರು.

ಆ ಮಾತು ನಿಜ. ಅಷ್ಟು ವರ್ಷದ ಸರ್ವೀಸಿನಲ್ಲಿ ಮೇಷ್ಟ್ರು ಒಂದು ಮಗುವಿನ ಮೇಲೂ ಕೈ ಎತ್ತಿದವರಲ್ಲ. ಹೊಡೆದರೆ ಹುಡುಗ ಹೊಡೆಯುವುದನ್ನೇ ಕಲಿಯುತ್ತಾನೆ ಎಂದು ನಂಬಿದ್ದ ಒಣಕಲು ಮನುಷ್ಯ, ಬಿಳಿ ಪಂಚೆ, ಮೆಲ್ಲಗಿನ ದನಿ. ಆದರೆ ಅವರು ಕಾಲಿಟ್ಟ ಕಡೆಯೆಲ್ಲ ಹೊಡೆತ ಅವರಿಗಿಂತ ಮುಂಚೆ ಬಂದು ಕೂತಿರುತ್ತಿತ್ತು. ಅಹಿಂಸೆಯ ಭಾಷಣಕ್ಕೆ ಹುಡುಗರನ್ನು ಸಾಲಾಗಿ ಕೂರಿಸಲು ಪಿ.ಟಿ. ಮೇಷ್ಟ್ರು ಹುಣಸೆ ಬರಲಲ್ಲಿ ಮೊಣಕಾಲ ಹಿಂದೆ ಬಾರಿಸುತ್ತಿದ್ದರು. ಚಿಂತಾಮಣಿಯ ಒಂದು ಕಾಲೇಜಿನಲ್ಲಂತೂ ಮೇಷ್ಟ್ರು ಸಹನೆಯ ವಿಷಯಕ್ಕೆ ಬರುವ ಹೊತ್ತಿಗೆ ಹಿಂದಿನ ಬೆಂಚಿನ ಎರಡು ಗುಂಪು ಕ್ರಿಕೆಟ್ ಸ್ಟಂಪು ಹಿಡಿದು ಎದ್ದವು. ಒಬ್ಬನ ಹುಬ್ಬು ಸೀಳಿ ರಕ್ತ ಬಿಳಿ ಅಂಗಿಗೆಲ್ಲ ಇಳಿಯಿತು. ಮೇಷ್ಟ್ರು ಮೈಕು ಬಿಡಲಿಲ್ಲ. ಸಹನೆಯ ಭಾಗ ಮುಗಿಸಿಯೇ ಕೆಳಗಿಳಿದರು. ನಮ್ಮ ಡ್ರೈವರ್ ಅಫ್ಸರ್ ಆ ಹುಡುಗನ ಹಣೆಗೆ ತನ್ನ ಟವೆಲ್ ಕಟ್ಟುತ್ತಾ, "ಮೇಡಂ, ಸಾರ್ ಹೇಳೋದು ಚೆನ್ನಾಗೇ ಹೇಳ್ತಾರೆ, ಕೇಳೋ ಕಿವಿಗಳೇ ಬೇರೆ ಎಲ್ಲೋ ಇವೆ" ಅಂದ.

ಕಳವಾರದ ಬೆಟ್ಟದ ಮೇಲೆ ಮಂಜು ಕೂತಿರುವಾಗಲೇ ನಾವು ಹೊರಡುತ್ತಿದ್ದೆವು. ದಸರಾ ರಜೆ ಮುಗಿದ ಮೇಲಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಯ ತನಕ ನಮ್ಮ ಸುಗ್ಗಿ. ಹಿಂದಿನ ಸೀಟಿನಲ್ಲಿ ಹಿತ್ತಾಳೆ ತಟ್ಟೆಗಳು, ತಂಬಿಗೆಗಳು, ಅರಿಶಿನದ ಡಬ್ಬ, ಪಚ್ಚಕರ್ಪೂರ. ಹಳ್ಳದ ರಸ್ತೆಯಲ್ಲಿ ಅವು ಮಾಡುವ ಗಲಾಟೆಗೆ ಮೇಷ್ಟ್ರ ಮಾತು ಕೇಳಿಸುತ್ತಿರಲಿಲ್ಲ. ಭಾಷಣ ಎಲ್ಲರೂ ಮಾಡುತ್ತಾರೆ. ನಮ್ಮ ಮೇಷ್ಟ್ರದೇ ಅಂತ ಒಂದು ಪದ್ಧತಿಯಿತ್ತು, ಜನ ಅದಕ್ಕಾಗಿಯೇ ಕರೆಯುತ್ತಿದ್ದರು.

ಅದು ಹೀಗೆ. ಹೆತ್ತವರನ್ನು ಕುರ್ಚಿಯಲ್ಲಿ ಕೂರಿಸುವುದು, ಮಕ್ಕಳು ಅವರ ಪಾದ ತೊಳೆಯುವುದು, ನಾನು ಹಾಡುವುದು. ಎರಡನೇ ಚರಣಕ್ಕೆ ಹೆಂಗಸರ ಸೆರಗು ಕಣ್ಣಿಗೆ ಹೋಗುತ್ತಿತ್ತು, ಮೂರನೆಯದಕ್ಕೆ ಗಂಡಸರೂ ಮೂಗು ಒರೆಸಿಕೊಳ್ಳುತ್ತಿದ್ದರು. ಆಗ ಮೇಷ್ಟ್ರು ಮೈಕಿನಲ್ಲಿ ಮೆಲ್ಲಗೆ, "ಮಕ್ಕಳೇ, ಅಪ್ಪ ಅಮ್ಮನಿಂದ ಬಚ್ಚಿಟ್ಟ ಒಂದು ವಿಷಯ ನಿಮ್ಮ ಎದೆಯಲ್ಲಿದೆ. ಅದನ್ನು ಈಗ ಅವರ ಕಿವಿಯಲ್ಲಿ ಹೇಳಿ. ತಾಯಿ ತಂದೆಯರೇ, ನಿಮ್ಮ ಪಾದ ಒದ್ದೆಯಿದೆ, ನೀವು ಕ್ಷಮಿಸಲೇಬೇಕು" ಎನ್ನುತ್ತಿದ್ದರು. ಮಕ್ಕಳು ಹೇಳುತ್ತಿದ್ದರು. ಹೆತ್ತವರು ತಬ್ಬಿಕೊಂಡು ಗೊಳೋ ಎಂದು ಅಳುತ್ತಿದ್ದರು. ಕಣ್ಣೀರು ಆರುವ ಮುಂಚೆ ಜೀಪು ಹೊರಡಬೇಕು ಎನ್ನುವುದು ಮೇಷ್ಟ್ರ ನಿಯಮ. ಆಮೇಲೆ ಮಾತು ಬೆಳೆದರೆ ಪರಿಣಾಮ ಕೆಡುತ್ತದಂತೆ. ನಾವು ತಟ್ಟೆ ಒರೆಸಿ ತುಂಬಿಕೊಂಡು ಧೂಳೆಬ್ಬಿಸಿ ಹೊರಟುಬಿಡುತ್ತಿದ್ದೆವು. ಒಂದೇ ಒಂದು ಮನೆಯ ಹೊಸಿಲನ್ನೂ ತುಳಿದವರಲ್ಲ.

ಗೌರಿಬಿದನೂರಿನ ಕಡೆ ಒಬ್ಬ ಹುಡುಗ ತಾನು ಅರ್ಧವಾರ್ಷಿಕದಲ್ಲಿ ಫೇಲಾಗಿ ಅಪ್ಪನ ಸಹಿಯನ್ನು ತಾನೇ ಹಾಕಿದ್ದನ್ನು ಕಿವಿಯಲ್ಲಿ ಹೇಳಿದ್ದ. ಅಪ್ಪ ಅವನನ್ನು ಎತ್ತಿ ಮುದ್ದಾಡಿದ್ದು ನಾನೇ ಕಂಡಿದ್ದೆ. ಸಂಕ್ರಾಂತಿಯ ನಂತರ ಪಕ್ಕದ ಊರಿಗೆ ಹೋದಾಗ ಆ ಹುಡುಗನ ಶಾಲೆಯ ಹೆಡ್‌ಮಾಸ್ಟರು ಸಿಕ್ಕಿ, "ನಿಮ್ಮ ಕಾರ್ಯಕ್ರಮದ ಎಫೆಕ್ಟ್ ಭಾರಿ ಸಾರ್! ಆ ಹುಡುಗನ್ನ ಅವರಪ್ಪ ಪಂಪ್‌ಹೌಸಲ್ಲಿ ತಲೆಕೆಳಗಾಗಿ ನೇತುಹಾಕಿ ಬಾರಿಸಿದ್ನಂತೆ. ಈಗ ಹಸು ಆಗ್ಬಿಟ್ಟಿದಾನೆ, ಕ್ಲಾಸಲ್ಲಿ ಮಾತೇ ಆಡಲ್ಲ" ಎಂದು ಕೈಕುಲುಕಿದರು. ಮೇಷ್ಟ್ರ ಮುಖ ಸಣ್ಣದಾಯಿತು. "ಎಲ್ಲೋ ಒಬ್ಬ ಹಂಗಿರ್ತಾನೆ, ಅಪವಾದ" ಎಂದು ಜೀಪು ಹತ್ತಿದರು.

ಶಿವರಾತ್ರಿಯ ಹಿಂದಿನ ವಾರ ಮೇಲೂರಿನಾಚೆಯ ಒಂದು ಹಳ್ಳಿಯಲ್ಲಿ ಕಾರ್ಯಕ್ರಮ. ಹಳ್ಳಿಯ ಹೆಸರು ಬೇಡ. ಸುತ್ತ ಹಿಪ್ಪುನೇರಳೆ ತೋಟ, ಮನೆಮನೆಯಲ್ಲೂ ರೇಷ್ಮೆ ಹುಳು. ಅಲ್ಲಿ ಹತ್ತನೇ ಕ್ಲಾಸಿನ ರೂಪ ಎನ್ನುವ ಹುಡುಗಿ ಇದ್ದಳು. ಹೆಣ್ಣುಮಕ್ಕಳ ಮಾತುಕತೆಯಲ್ಲಿ ಎದ್ದು ನಿಂತು, "ಮಿಸ್, ನೀವು ಯಾವಾಗ್ಲೂ ಅಳೋ ಹಾಡೇ ಯಾಕೆ ಹಾಡ್ತೀರ?" ಎಂದು ಕೇಳಿ ನಗಿಸಿದವಳು. ಅಪ್ಪ ತೀರಿಹೋಗಿದ್ದರಿಂದ ಅವಳ ಎದುರು ಕುರ್ಚಿಯಲ್ಲಿ ಅಣ್ಣ ಮುನಿರಾಜು ಕೂತಿದ್ದ. ಇಪ್ಪತ್ತೈದರ ಆಸುಪಾಸಿನ ಗಟ್ಟಿ ಆಳು. ಅವಳು ಕಾಲು ತೊಳೆದು ಅವನ ಕಿವಿಗೆ ಬಾಯಿಟ್ಟಳು. ಅವನು ಒಂದು ಗಳಿಗೆ ಕಲ್ಲಾದ. ಆಮೇಲೆ ತಂಗಿಯ ತಲೆಯನ್ನು ಎದೆಗೊತ್ತಿಕೊಂಡು ಭುಜ ಕುಲುಕುವಂತೆ ಅತ್ತ. ಮೇಷ್ಟ್ರು ಅದನ್ನು ತೋರಿಸಿ, "ನೋಡಿ, ಇದು ಅಣ್ಣ ಅಂದರೆ" ಎಂದರು. ಇಡೀ ಶಾಮಿಯಾನ ಚಪ್ಪಾಳೆ ಹೊಡೆಯಿತು.

ಹಬ್ಬ ಮುಗಿದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಶಿಡ್ಲಘಟ್ಟಕ್ಕೆ ಹೋದೆವು. ಬೆಳಗಿನ ಕಾರ್ಯಕ್ರಮ ಮುಗಿಸಿ ತಟ್ಟೆ ತುಂಬುತ್ತಿದ್ದಾಗ, ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಬಂದಿದ್ದ ಮುನಿರಾಜು ನಮ್ಮ ಜೀಪು ಗುರುತಿಸಿ ಓಡಿಬಂದ. ಟವೆಲ್ಲಿನಲ್ಲಿ ಸೀಬೆಹಣ್ಣು ಕಟ್ಟಿಕೊಂಡು ತಂದಿದ್ದ. ಮೇಷ್ಟ್ರ ಕಾಲಿಗೆ ಅಡ್ಡಬಿದ್ದ.

"ಸಾರ್, ನಿಮ್ಮಿಂದ ನಮ್ಮನೆ ಮಾನ ಉಳೀತು."

"ನಂದೇನಿದೆಯಪ್ಪ. ತಂಗಿ ಹೇಗಿದ್ದಾಳೆ, ಓದ್ತಿದ್ದಾಳಾ?"

"ಓದು ಎಲ್ಲಿಂದ ಬಂತು ಸಾರ್. ಸ್ಪೆಷಲ್ ಕ್ಲಾಸು ಅಂತ ಹೇಳಿ ಒಬ್ಬ ಹುಡುಗನ ಜತೆ ಬಸ್ಸಲ್ಲಿ ಕೈವಾರಕ್ಕೆ ಹೋಗ್ಬಂದಿದ್ಳಂತೆ, ಅದನ್ನೇ ಅವತ್ತು ಕಿವೀಲಿ ಹೇಳಿದ್ದು. ಬಲಗೈ ಮುರ್ದಿದೀನಿ. ಹುಳದ ಮನೇಲಿ ಹಾಕಿ ಬೀಗ ಜಡ್ದಿದೀನಿ. ಆ ಹುಡುಗನ್ನೂ ಕೆರೆ ಕಟ್ಟೆ ಮೇಲೆ ವಿಚಾರಿಸ್ಕೊಂಡ್ವಿ, ಇನ್ನ ಸೈಕಲ್ ತುಳಿಯಲ್ಲ ಬಿಡಿ ಅವ್ನು. ಯುಗಾದಿಗೆ ಮುಂಚೆ ನಮ್ಮ ಮಾವನಿಗೆ ಕೊಟ್ಟು ಲಗ್ನ ಮಾಡ್ಬಿಡ್ತೀವಿ. ನೀವು ಬಂದು ಅಕ್ಷತೆ ಹಾಕ್ಬೇಕು ಸಾರ್."

ಮೇಷ್ಟ್ರು ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು. "ಕ್ಷಮಿಸಿದ್ದೆಯಲ್ಲಪ್ಪ. ಅತ್ತಿದ್ದೆ ನೀನು!"

"ಅತ್ತಿದ್ದು ಸುಳ್ಳಲ್ಲ ಸಾರ್. ಆದ್ರೆ ಅಲ್ಲೇ ಹೊಡ್ಯೋಕಾಗುತ್ತಾ? ಅಷ್ಟು ಜನ ಇದ್ರು. ಕಾಲಿನ್ನೂ ಒದ್ದೆ ಇತ್ತು."

ಅದನ್ನು ಅವನು ವ್ಯಂಗ್ಯಕ್ಕೆ ಹೇಳಲಿಲ್ಲ. ದೇವರ ಮುಂದೆ ಚಪ್ಪಲಿ ಬಿಡುವಂಥ ಮರ್ಯಾದೆಯ ಮಾತು ಅವನಿಗದು. ಸೀಬೆಹಣ್ಣು ಬಾನೆಟ್ಟಿನ ಮೇಲಿಟ್ಟು ಹೋದ. ನಾನು ಅವನ್ನೆಲ್ಲ ಎತ್ತಿ ಚರಂಡಿಗೆ ಎಸೆದೆ.

"ಈ ಮಾತು ನಮಗೆ ಇವತ್ತು ಗೊತ್ತಾಯ್ತಲ್ಲ ಸಾರ್" ಎಂದೆ. "ನಾವು ಬಿಟ್ಟು ಬಂದ ಮೇಲೆ ಯಾವ ಮನೇಲಿ ಏನಾಯ್ತು ಅಂತ ನೋಡಿದೀವಾ?" ಪೊಲೀಸ್ ಸ್ಟೇಷನ್ನಿಗೆ ಹೋಗೋಣವೆಂದ ಅಫ್ಸರ್. "ಮೊದಲು ನಾನು ಹೋಗ್ತೀನಿ" ಎಂದರು ಮೇಷ್ಟ್ರು. "ನನ್ನ ಮಾತು ಅವನಿಗೆ ತಾಕಿತ್ತು, ಅದನ್ನ ನಾನು ಕಣ್ಣಾರೆ ಕಂಡಿದೀನಿ. ಇನ್ನೊಂದು ಸಲ ತಾಕುತ್ತೆ." ಹುಚ್ಚು ಮುದುಕ ಅನ್ನಿಸಿತು. ಆದರೂ ಜೀಪು ಹತ್ತಿದೆ.

ಮುನಿರಾಜು ಮಾರ್ಕೆಟ್ಟಿನಿಂದ ವಾಪಸ್ಸಾಗುವ ಹೊತ್ತಿಗೆ ನಾವು ಅವನ ಅಂಗಳದಲ್ಲಿದ್ದೆವು. ಅವರಮ್ಮ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಪಕ್ಕದ ಹುಳದ ಮನೆಯ ಬಾಗಿಲಿಗೆ ಬೀಗ. ಕಿಟಕಿಯ ಜಾಲರಿಯಾಚೆ ರೂಪ ಕಂಡಳು. ಬಲಗೈಗೆ ಬಿದಿರು ದಬ್ಬೆ ಕಟ್ಟಿದ್ದರು, ಎಡಗೈಯಲ್ಲಿ ಹುಳದ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ನನ್ನನ್ನು ಕಂಡಳು, ನಗಲಿಲ್ಲ.

ಆಗ ಮೇಷ್ಟ್ರು ಮಾಡಿದ್ದನ್ನು ನಾನು ಎಂದಿಗೂ ಮರೆಯುವುದಿಲ್ಲ. ಜೀಪಿನಿಂದ ಹಿತ್ತಾಳೆ ತಟ್ಟೆ ತರಿಸಿ, ಮುನಿರಾಜುವನ್ನು ಜಗಲಿಯ ಮೇಲೆ ಕೂರಿಸಿ, ಆ ವಯಸ್ಸಿನವರು ನೆಲಕ್ಕೆ ಮಂಡಿಯೂರಿ ಅವನ ಪಾದ ತೊಳೆದರು. ಅವನು "ಬ್ಯಾಡಿ ಸಾರ್, ಪಾಪ ಬರುತ್ತೆ ಸಾರ್" ಎಂದು ಒದ್ದಾಡಿದ. ಬಿಡಲಿಲ್ಲ. ತೊಳೆದು, ತಮ್ಮ ಹೆಗಲ ಮೇಲಿನ ಟವೆಲ್ ಮುಟ್ಟದೆ, ಹಾಗೇ ಒದ್ದೆ ಪಾದ ಹಿಡಿದುಕೊಂಡು, "ಹುಡುಗಿ ಹೇಳಿದ್ದು ನನ್ನ ಮಾತು ಕೇಳಿ. ತಪ್ಪು ನಂದು. ಅವಳನ್ನ ಬಿಟ್ಟುಬಿಡು, ಪರೀಕ್ಷೆ ಬರೀಲಿ" ಎಂದರು. ಮುನಿರಾಜು ಮತ್ತೆ ಅತ್ತ. ನಿಜವಾಗಿ ಅತ್ತ. ಬೀಗದ ಕೈ ತೆಗೆದು ಅಮ್ಮನ ಕೈಗೆ ಕೊಟ್ಟ. "ಆಯ್ತು ಸಾರ್. ನೀವು ಹೇಳಿದ ಮೇಲೆ ಮುಗೀತು. ಬರೀಲಿ."

ಮೇಷ್ಟ್ರು ಎದ್ದು ಪಂಚೆಯ ಮಣ್ಣು ಕೊಡವಿಕೊಂಡರು. ಮುಖ ಬೆಳಗುತ್ತಿತ್ತು. "ಕಂಡೆಯಾ ಸುಜಾತ? ನಡಿ, ಹೊರಡಣ."

"ಇಲ್ಲ ಸಾರ್" ಎಂದೆ. "ಕಾಲು ಒಣಗ್ಲಿ."

ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ತುದಿಯಲ್ಲಿ ಕೂತೆ. ಮುನಿರಾಜು, "ನಂಬಿಕೆ ಇಲ್ವಾ ಮೇಡಂ?" ಎಂದು ನಕ್ಕ. ಇಲ್ಲ ಎಂದೆ. ಅವರಮ್ಮ ನೀರು ತಂದುಕೊಟ್ಟರು. ಬಿಸಿಲು ಅಂಗಳದಿಂದ ಜಗಲಿಗೆ ಹತ್ತಿತು. ಅವನ ಪಾದದ ಮೇಲಿನ ಅರಿಶಿನ ಒಣಗಿ ಹಿಮ್ಮಡಿಯಲ್ಲಿ ಬಿರುಕು ಬಿಡುವುದನ್ನು ನಾನು ನೋಡುತ್ತಲೇ ಇದ್ದೆ. ಅಂಗಳದಾಚೆ ನಾಲ್ಕೈದು ಜನ ಸೇರಿದ್ದರು. ಅವರಲ್ಲೊಬ್ಬ ಬೀಡಿ ಹಚ್ಚುತ್ತಾ, "ಏನೋ ಮುನಿರಾಜು, ಮುದುಕನ ಕೈಲಿ ಕಾಲು ತೊಳಿಸ್ಕೊಂಡು ತಂಗೀನ ಬಿಟ್ಯಂತೆ? ಇನ್ನೇನಪ್ಪ, ಕೈವಾರಕ್ಕೆ ಬಸ್ ಪಾಸ್ ಮಾಡ್ಸಿಕೊಡು" ಅಂದ. ಉಳಿದವರು ನಕ್ಕರು.

ಮುನಿರಾಜು ಎದ್ದ. ಅಮ್ಮನ ಕೈಯಿಂದ ಬೀಗದ ಕೈ ಕಿತ್ತುಕೊಂಡು ಹುಳದ ಮನೆಗೆ ನುಗ್ಗಿದ. ಮೊದಲ ಹೊಡೆತದ ಸದ್ದು ಹೊರಗೆ ಸ್ಪಷ್ಟವಾಗಿ ಕೇಳಿಸಿತು. ಎರಡನೆಯದೂ ಕೇಳಿಸಿತು. ಹುಡುಗಿ ಕೂಗಲಿಲ್ಲ. ಕೂಗಿದರೆ ಹೆಚ್ಚು ಬೀಳುತ್ತದೆಂದು ಅಷ್ಟರಲ್ಲಿ ಕಲಿತಿದ್ದಳು. ಮೇಷ್ಟ್ರು ಅಂಗಳದ ಮಧ್ಯೆ ನಿಂತು ಆ ಸದ್ದು ಕೇಳಿದರು. ಆಮೇಲೆ ಓಡಿದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಒಳಗೆ ಸೂರಿನ ತನಕ ಬಿದಿರು ತಟ್ಟೆಗಳ ಅಟ್ಟಣಿಗೆ, ತಟ್ಟೆ ತುಂಬ ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವ ಹುಳುಗಳು. ಮೂಲೆಯಲ್ಲಿ ರೂಪ ಮುರಿದ ಕೈಯನ್ನು ಹೊಟ್ಟೆಯಡಿ ಇಟ್ಟುಕೊಂಡು ಬೋರಲು ಬಿದ್ದಿದ್ದಳು. ಅವನ ಕೈಯಲ್ಲಿ ಬಿದಿರು ಗಳ. ಮೇಷ್ಟ್ರು ಹೋಗಿ ಅವಳ ಮೇಲೆ ಬಗ್ಗಿದರು. ಗಳ ಅವರ ಮುಂಗೈ ಮೇಲೆ ಬಿತ್ತು, ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾನು ಕೈಯಲ್ಲಿದ್ದ ತಟ್ಟೆಯ ಅಂಚಿನಿಂದ ಮುನಿರಾಜುವಿನ ಕಿವಿಯ ಮೇಲೆ ಬಾರಿಸಿದೆ. ರಕ್ತ ಚಿಮ್ಮಿತು. ಇನ್ನೊಂದು ಬಾರಿಸಿದೆ. ನನಗೆ ಬೇಜಾರಾಗಲಿಲ್ಲ, ಇವತ್ತಿಗೂ ಆಗಿಲ್ಲ. ಅವನು ನನ್ನ ಜಡೆ ಸುತ್ತಿಕೊಂಡು ಗೋಡೆಗೆ ಅಪ್ಪಳಿಸಿದ. ಬಾಯಲ್ಲಿ ಉಪ್ಪು, ಮುರಿದ ಹಲ್ಲಿನ ಚೂರು. ಅಷ್ಟರಲ್ಲಿ ಬಾಗಿಲಲ್ಲಿ ಅವರಮ್ಮ. ಅದುವರೆಗೂ ಒಂದು ಮಾತಾಡದ ಹೆಂಗಸು ಒನಕೆ ಎತ್ತಿ ಮಗನ ಮೊಣಕಾಲಿಗೆ ಬಿಟ್ಟರು. "ಚಾಲುರಾ! ಸಾಕು ಕಣೋ ಪಾಪಿ, ಸಾಯಿಸ್ತೀಯಾ ಅವಳನ್ನ?"

ಅವನು ತತ್ತರಿಸಿ ಅಟ್ಟಣಿಗೆಯ ಮೇಲೆ ಬಿದ್ದ. ಒಂದರ ಮೇಲೊಂದು ತಟ್ಟೆಗಳು ಉರುಳಿದವು. ನೆಲದ ತುಂಬ ಹುಳು. ನಮ್ಮ ಕಾಲಡಿ ಪಚಪಚ ಎಂದು ಒಡೆದು ಹಸಿರು ರಸ ಹರಿಯಿತು. ಮುನಿರಾಜು ಅದನ್ನು ನೋಡಿದ. ಗಳ ಬಿಸಾಡಿದ. "ಅಯ್ಯೋ ಹುಳ! ತುಳೀಬ್ಯಾಡ್ರೋ, ನನ್ನ ಹುಳ!" ಎಂದು ಮಂಡಿಯೂರಿ ಒಂದೊಂದನ್ನೇ ಅಂಗೈಗೆ ಎತ್ತಿಕೊಳ್ಳತೊಡಗಿದ. ಎಷ್ಟು ಮೃದುವಾಗಿ ಎತ್ತುತ್ತಿದ್ದನೆಂದರೆ, ಅದನ್ನು ಕಂಡು ನನ್ನ ಹೊಟ್ಟೆ ಉರಿದುಹೋಯಿತು. ತಂಗಿಗೆ ನಿಲ್ಲದ ಕೈ ಹುಳಕ್ಕೆ ನಿಂತಿತು. ಅವನ ಕಣ್ಣಲ್ಲಿ ಮತ್ತೆ ಅದೇ ನೀರು.

"ಪೋ ಅಮ್ಮಾ, ಹೋಗು, ಹೋಗ್ಬಿಡು" ಎಂದು ಅವರಮ್ಮ ರೂಪಳನ್ನು ಹೊರಗೆ ನೂಕಿದರು. ಅಫ್ಸರ್ ಜೀಪು ಸ್ಟಾರ್ಟ್ ಮಾಡಿ ಬಾಗಿಲಿಗೇ ತಂದಿದ್ದ. ಅಂಗಳದಲ್ಲಿ ನಕ್ಕವರೇ ಈಗ ಕಲ್ಲೆಸೆದರು. ಹಿಂದಿನ ಗಾಜು ಪುಡಿಯಾಗಿ ನನ್ನ ಕೂದಲೊಳಗೆ ಬಿತ್ತು. ಅಫ್ಸರ್ ಉರ್ದುವಿನಲ್ಲಿ ಅವರ ವಂಶವನ್ನೆಲ್ಲ ಬೈಯುತ್ತಾ ತೋಟದ ಬದುವಿನ ಮೇಲೆ ಜೀಪು ಹಾರಿಸಿದ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಡಾಕ್ಟರು ಇಬ್ಬರ ಕೈಯನ್ನೂ ನೋಡಿ ಪೊಲೀಸರಿಗೆ ಫೋನು ಮಾಡಿದರು, ಮುನಿರಾಜು ಕೆಲವು ದಿನ ಒಳಗಿದ್ದು ಬಂದ, ಲಗ್ನ ನಿಂತಿತು. ರೂಪ ಗೌರಿಬಿದನೂರಿನ ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದಳು. ಆ ಸಲ ಪರೀಕ್ಷೆಗೆ ಕೂರಲು ಆಗಲಿಲ್ಲ, ಮುಂದಿನ ವರ್ಷ ಬರೆದು ಪಾಸಾದಳು. ಅವಳ ಬಲಗೈ ಇಂದಿಗೂ ಪೂರ್ತಿ ನೇರವಾಗುವುದಿಲ್ಲ. ಮೇಷ್ಟ್ರು ಆಮೇಲೆ ಮೈಕು ಮುಟ್ಟಲಿಲ್ಲ. ಬೀದಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟುಕೊಂಡು ಇದ್ದರು. ಟ್ರಸ್ಟಿನವರಿಗೆ ಬೇರೆ ಯಾರೋ ಸಿಕ್ಕರು, ಪದ್ಧತಿ ಮಾತ್ರ ಹಾಗೇ ನಡೆಯಿತು ಎಂದು ಕೇಳಿದ್ದೇನೆ.

ಆದರೆ ನನಗೆ ಆ ವರ್ಷವೆಂದರೆ ನೆನಪಾಗುವುದು ಶಿಡ್ಲಘಟ್ಟದ ಆಸ್ಪತ್ರೆಯ ಕಡೆಗೆ ಓಡುತ್ತಿದ್ದ ಆ ಜೀಪು. ಮುಂದಿನ ಸೀಟಿನಲ್ಲಿ ಮೇಷ್ಟ್ರು ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಿಂದೆ ನಾನೂ ರೂಪಳೂ. ನನ್ನ ಬಾಯಿಂದ ಇನ್ನೂ ರಕ್ತ ಸೋರುತ್ತಿತ್ತು. ಅವಳ ತುಟಿ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಮೇಲೂರು ದಾಟಿದ ಮೇಲೆ ಅವಳು ಮೊದಲ ಸಲ ಬಾಯಿಬಿಟ್ಟಳು.

"ಮಿಸ್, ಇನ್ನೊಂದು ವಿಷ್ಯ ಇತ್ತು. ಅದನ್ನ ಅವತ್ತು ಅಣ್ಣನಿಗೆ ಹೇಳ್ಲಿಲ್ಲ. ಬಚ್ಚಿಟ್ಟಿದ್ದು ತಪ್ಪಾ?"

ತಪ್ಪಲ್ಲ ಎನ್ನಬೇಕೆಂದು ಬಾಯಿ ತೆರೆದೆ, ಮುರಿದ ಹಲ್ಲಿನ ನೋವಿಗೆ ಮಾತು ಹೊರಡಲಿಲ್ಲ. ನಾನು ಸುಮ್ಮನಿದ್ದದ್ದಕ್ಕೆ ಹೆದರಿದಳೇನೋ, ಮುಂದಕ್ಕೆ ಬಗ್ಗಿದಳು.

"ಸಾರ್, ನಿಮ್ಮ ಕಿವೀಲಿ ಹೇಳ್ಬಿಡ್ಲಾ?"

ಮೇಷ್ಟ್ರು ತಿರುಗಲಿಲ್ಲ. ನೆಟ್ಟಗಿದ್ದ ಕೈಯೆತ್ತಿ ತಮ್ಮ ಕಿವಿ ಮುಚ್ಚಿಕೊಂಡರು.

"ಬೇಡಮ್ಮ" ಎಂದರು. "ಯಾರಿಗೂ ಹೇಳ್ಬೇಡ. ನನಗಂತೂ ಬೇಡವೇ ಬೇಡ."